ಓದುಗರ ಪ್ರಶ್ನೆ: ಕಿಣ್ವ ಸದಾ ಇದ್ದರೂ ಕೋಶ ಸದಾ ಒಡೆಯುವುದಿಲ್ಲವೇಕೆ?

ಪ್ರಶ್ನೆ: ಕೋಶ ವಿಭಜನೆ ನಡೆಸುವ ಸಿಡಿಕೆ ಕಿಣ್ವಗಳು ಸಸ್ತನಿಗಳ ಕೋಶದಲ್ಲಿ ಸದಾ ಇರುತ್ತವಂತೆ. ಹಾಗಿದ್ದರೆ ಕೋಶ ಒಡೆಯುತ್ತಲೇ ಇರಬೇಕಲ್ಲವೇ?

ಉತ್ತರ: ಇದ್ದ ಮಾತ್ರಕ್ಕೆ ಆಗದು. ಸೈಕ್ಲಿನ್ ಎಂಬ ಪ್ರೋಟೀನು ಬಂದು ಕೂಡಿಕೊಳ್ಳುವವರೆಗೆ ಸಿಡಿಕೆ ಸುಮ್ಮನೆ ಬಿದ್ದಿರುತ್ತದೆ. ಸಿಡಿಕೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಸಮ, ಏರಿಳಿಯುವುದು ಸೈಕ್ಲಿನ್.

ಬೆಳವಣಿಗೆಯ ಸಂಕೇತ ಹೊರಗಿನಿಂದ ಬಂದಾಗ ಸೈಕ್ಲಿನ್ ಡಿ ತಯಾರಾಗಿ ಸಿಡಿಕೆ4, ಸಿಡಿಕೆ6 ಜೊತೆ ಸೇರುತ್ತದೆ. ಈ ಜೋಡಿ ವಿಭಜನೆಯನ್ನು ತಡೆದಿಡುವ ಆರ್‌ಬಿ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದರ ಹಿಡಿತ ಸಡಿಲಿಸುತ್ತದೆ. ಆರ್‌ಬಿ ಅದುವರೆಗೆ ಹಿಡಿದಿಟ್ಟಿದ್ದ ಇ2ಎಫ್ ಎಂಬ ಪ್ರೋಟೀನು ಬಿಡುಗಡೆಯಾಗಿ ಸೈಕ್ಲಿನ್ ಇ ಜೀನನ್ನು ಚಾಲೂ ಮಾಡುತ್ತದೆ. ಸೈಕ್ಲಿನ್ ಇ–ಸಿಡಿಕೆ2 ಜೋಡಿ ಮತ್ತೆ ಆರ್‌ಬಿಗೇ ಇನ್ನಷ್ಟು ಫಾಸ್ಫೇಟ್ ಹಾಕುವುದರಿಂದ, ಅಲ್ಲಿಂದಾಚೆ ಹೊರಗಿನ ಸಂಕೇತ ನಿಂತರೂ ಕೋಶ ಸಾಮಾನ್ಯವಾಗಿ ಹಿಂದೆ ಸರಿಯದು.

ಮೈಟೋಸಿಸ್‌ಗೆ, ಅಂದರೆ ನಕಲಾದ ವರ್ಣತಂತುಗಳು ಎರಡು ಪಾಲಾಗುವ ಹಂತಕ್ಕೆ, ಬೇಕಾದ ಸೈಕ್ಲಿನ್ ಬಿ–ಸಿಡಿಕೆ1 ಜೋಡಿಗೆ ಇನ್ನೂ ಒಂದು ಬೀಗವಿದೆ. ವೀ1 ಕಿಣ್ವ ಸಿಡಿಕೆ1ರ 15ನೇ ಸ್ಥಾನದ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಹಾಕಿ ಕಟ್ಟಿಹಾಕುತ್ತದೆ. ಸಿಡಿಸಿ25 ಎಂಬ ಇನ್ನೊಂದು ಕಿಣ್ವ ಆ ಫಾಸ್ಫೇಟನ್ನು ತೆಗೆಯುತ್ತದೆ. ಬಿಡುಗಡೆಯಾದ ಸಿಡಿಕೆ1 ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಸಿಡಿಸಿ25ಕ್ಕೆ ಚುರುಕು ಕೊಟ್ಟು ವೀ1ರ ಕೈ ಕಟ್ಟುವುದು. ಹಾಗಾಗಿ ಕೋಶ ಮೈಟೋಸಿಸ್‌ಗೆ ಮೆಲ್ಲಗೆ ಜಾರುವುದಿಲ್ಲ, ಧುಮುಕುತ್ತದೆ.

ಮೈಟೋಸಿಸ್‌ನಿಂದ ಹೊರಬರುವುದಕ್ಕೆ ಸೈಕ್ಲಿನ್ ಬಿ ನಾಶವಾಗಲೇಬೇಕು. ಎಪಿಸಿ ಎಂಬ ಪ್ರೋಟೀನು ಸಂಕೀರ್ಣ ಅದಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿ ತೊಡಿಸುತ್ತದೆ, ಕೋಶದ ಪ್ರೋಟೀನು ಕತ್ತರಿಸುವ ಯಂತ್ರವಾದ ಪ್ರೋಟಿಯಾಸೋಮ್ ಅದನ್ನು ಚೂರುಚೂರು ಮಾಡುತ್ತದೆ. ಸೈಕ್ಲಿನ್ ಬಿಯ ಆರಂಭದ ತುದಿಯಲ್ಲಿರುವ ನಾಶಸೂಚಕ ತುಣುಕನ್ನು ಕತ್ತರಿಸಿ ಕೋಶಕ್ಕೆ ಕೊಟ್ಟರೆ ತಮಾಷೆ ನೋಡಬೇಕು: ವರ್ಣತಂತುಗಳು ಬೇರ್ಪಡುತ್ತವೆ, ಆದರೆ ಕೋಶ ಮೈಟೋಸಿಸ್ ಮುಗಿಸಲಾಗದೆ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ವರ್ಣತಂತು ಪರೀಕ್ಷೆಗೆ ಕೋಲ್ಸಿಮಿಡ್ ಎಂಬ ರಾಸಾಯನಿಕ ಏಕೆ ಹಾಕುತ್ತಾರೆ? ಹೆಚ್ಚು ಹೊತ್ತು ಬಿಟ್ಟರೇನು?

ಉತ್ತರ: 24 ಗಂಟೆಯ ಚಕ್ರದಲ್ಲಿ ಮೈಟೋಸಿಸ್ ಸುಮಾರು 1 ಗಂಟೆ ಮಾತ್ರ. ಆ ಹಂತದ ಕೋಶಗಳನ್ನು ಕೂಡಿಹಾಕದಿದ್ದರೆ ಸ್ಲೈಡಿನಲ್ಲಿ ಎಣಿಸಲು ಸಿಗುವುದು ಕಡಿಮೆ. ಕೋಲ್ಸಿಮಿಡ್ ವರ್ಣತಂತುಗಳನ್ನು ಎಳೆಯುವ ಎಳೆಗಳಾದ ಸೂಕ್ಷ್ಮನಾಳಿಕೆಗಳು ಜೋಡಣೆಯಾಗದಂತೆ ತಡೆಯುತ್ತದೆ. ಎಳೆ ಸಿಗದ ಕೈನೆಟೋಕೋರ್‌ಗಳಲ್ಲಿ (ವರ್ಣತಂತುವಿನ ಮೇಲೆ ಎಳೆ ಅಂಟಿಕೊಳ್ಳುವ ಜಾಗ) ಮ್ಯಾಡ್2 ಎಂಬ ಪ್ರೋಟೀನು ಸಕ್ರಿಯಗೊಂಡು, ಬಬ್‌ಆರ್1 ಎಂಬ ಇನ್ನೊಂದರ ಜೊತೆ ಸೇರಿ, ಎಪಿಸಿ ಕೆಲಸ ಮಾಡಲು ಬೇಕಾದ ಸಿಡಿಸಿ20 ಪ್ರೋಟೀನನ್ನು ಹಿಡಿದಿಡುತ್ತದೆ. ಸೈಕ್ಲಿನ್ ಬಿ ಉಳಿಯುತ್ತದೆ, ಕೋಶ ನಿಲ್ಲುತ್ತದೆ.

ರಕ್ತದ ಲಿಂಫೊಸೈಟ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಮಿಲಿಲೀಟರಿಗೆ 0.1 ಮೈಕ್ರೊಗ್ರಾಂನಂತೆ 30ರಿಂದ 60 ನಿಮಿಷ ಸಾಮಾನ್ಯ ಅಳತೆ. ಮಿತಿ ಮೀರಿದರೆ ವರ್ಣತಂತುಗಳು ಸಾಂದ್ರವಾಗುತ್ತಲೇ ಹೋಗಿ ಮೋಟಾಗುತ್ತವೆ, ಬಣ್ಣ ಹಾಕಿದಾಗ ಅವುಗಳ ಮೇಲೆ ಕಾಣುವ ಪಟ್ಟೆಗಳು ಒಂದರ ಮೇಲೊಂದು ಕಲೆಸಿದಂತೆ ಕಾಣುತ್ತವೆ. ರಾತ್ರಿಯಿಡೀ ಬಿಟ್ಟರಂತೂ ಇನ್ನೊಂದು ತೊಂದರೆ: ತಡೆ ಇದ್ದಾಗಲೂ ಸೈಕ್ಲಿನ್ ಬಿ ತೊಟ್ಟುತೊಟ್ಟಾಗಿ ಸೋರಿಹೋಗುವುದರಿಂದ ಕೆಲವು ಕೋಶಗಳು ಒಡೆಯದೆಯೇ ಮೈಟೋಸಿಸ್‌ನಿಂದ ನುಸುಳಿ, 46ರ ಬದಲು 92 ವರ್ಣತಂತುಗಳೊಂದಿಗೆ ಉಳಿಯುತ್ತವೆ.