ಗಂಡಿಲ್ಲದ ಹಲ್ಲಿಗಳಲ್ಲಿ ಮಿಲನವೇಕೆ?

ಪ್ರಶ್ನೆ: ವಿಪ್‌ಟೇಲ್ ಹಲ್ಲಿಗಳ ಕೆಲವು ಪ್ರಭೇದಗಳಲ್ಲಿ ಗಂಡುಗಳೇ ಇಲ್ಲವೆಂದೂ, ಆದರೂ ಹೆಣ್ಣುಗಳೇ ಒಂದರ ಮೇಲೊಂದು ಏರಿ ಮಿಲನದಂತೆ ವರ್ತಿಸುತ್ತವೆಂದೂ ಓದಿದೆ. ಇದು ನಿಜವೇ? ನಿಜವಾದರೆ ಆಗ ಅವುಗಳ ಮಿದುಳಿನಲ್ಲಿ ನಡೆಯುವುದೇನು?

ಉತ್ತರ: ನಿಜ. ಅಮೆರಿಕದ ನೈಋತ್ಯ ಭಾಗದಲ್ಲೂ ಉತ್ತರ ಮೆಕ್ಸಿಕೊದಲ್ಲೂ ಇರುವ ಆಸ್ಪಿಡೊಸೆಲಿಸ್ ಯೂನಿಪೇರೆನ್ಸ್ ಎಂಬ ವಿಪ್‌ಟೇಲ್ ಪ್ರಭೇದ ಇದಕ್ಕೆ ಹೆಸರುವಾಸಿ. ಅದರ ಅಂಡ ವೀರ್ಯಾಣುವಿನ ನೆರವಿಲ್ಲದೆಯೇ ಬೆಳೆದು ಮರಿಯಾಗುತ್ತದೆ. ಹುಟ್ಟುವ ಮರಿಗಳೆಲ್ಲ ಹೆಣ್ಣೇ. 1980ರಲ್ಲಿ ಜೀವವಿಜ್ಞಾನಿ ಡೇವಿಡ್ ಕ್ರೂಸ್ ಮತ್ತು ಅವರ ಸಹೋದ್ಯೋಗಿ ಈ ವರ್ತನೆಯನ್ನು ವಿವರಿಸಿದಾಗ, ಇದು ಸೆರೆಯಲ್ಲಿಟ್ಟ ಪ್ರಾಣಿಗಳಲ್ಲಿ ಕಾಣುವ ವಿಕಾರವಷ್ಟೇ ಎಂದವರೂ ಇದ್ದರು. ಆದರೆ ಈ ವರ್ತನೆ ಹಾರ್ಮೋನುಗಳ ಏರಿಳಿತಕ್ಕೆ ಹೊಂದಿಕೊಂಡೇ ನಡೆಯುವುದನ್ನು ನೋಡಿದರೆ, ಅದನ್ನು ವಿಕಾರವೆಂದು ತಳ್ಳಿಹಾಕುವುದು ಕಷ್ಟ.

ಹಲ್ಲಿಗಳಲ್ಲಿ ಸಂತಾನೋತ್ಪತ್ತಿಯ ಸೂತ್ರ ಮಿದುಳಿನ ತಳಭಾಗದಲ್ಲಿರುವ ಹೈಪೊಥಲಮಸ್ಸಿನ ಕೈಯಲ್ಲಿದೆ. ಹಗಲು ದೀರ್ಘವಾಗಿ ಬಿಸಿಲೇರಿದಾಗ ಅಲ್ಲಿಂದ ಹೊರಡುವ ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ, ಪಿಟ್ಯುಟರಿಯ ಸ್ರಾವ ಅಂಡಾಶಯವನ್ನು ಬೆಳೆಸುತ್ತದೆ. ಬೆಳೆಯುತ್ತಿರುವ ಅಂಡಕೋಶಗಳು ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನಿಗೆ ಎರಡು ಕೆಲಸಗಳಿವೆ. ಯಕೃತ್ತಿನಲ್ಲಿ ಅದು ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ತಯಾರಾಗುವಂತೆ ಮಾಡುತ್ತದೆ. ಮಿದುಳಿಗೆ ಮರಳಿ, ಹೈಪೊಥಲಮಸ್ಸಿನ ಒಂದು ನಿರ್ದಿಷ್ಟ ಕೇಂದ್ರದ ನರಕೋಶಗಳ ಮೇಲೆ ವರ್ತಿಸಿ, ಹೆಣ್ಣು ಮಿಲನಕ್ಕೆ ಒಪ್ಪುವಂತೆ ಮಾಡುತ್ತದೆ. ಅಂಡವು ಅಂಡಾಶಯದಿಂದ ಹೊರಬಿದ್ದ ಮೇಲೆ ಈಸ್ಟ್ರೋಜನ್ ಇಳಿದು ಪ್ರೊಜೆಸ್ಟಿರಾನ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಗಂಡು ಹೆಣ್ಣು ಎರಡೂ ಇರುವ ಪ್ರಭೇದಗಳಲ್ಲಿ ಸಾಮಾನ್ಯವಾಗಿ ಹೆಣ್ಣು ಆಗ ಗಂಡನ್ನು ಹತ್ತಿರ ಸೇರಿಸುವುದಿಲ್ಲ.

ಯೂನಿಪೇರೆನ್ಸ್ ಬೇರೆಯಾಗುವುದು ಇಲ್ಲಿಯೇ. ಅದರಲ್ಲಿ ಪ್ರೊಜೆಸ್ಟಿರಾನ್ ಮಿದುಳಿನ ಪ್ರಿಯಾಪ್ಟಿಕ್ ಪ್ರದೇಶವನ್ನು, ಅಂದರೆ ಬೇರೆ ಪ್ರಭೇದಗಳ ಗಂಡುಗಳಲ್ಲಿ ಏರುವ ವರ್ತನೆಯನ್ನು ನಿಯಂತ್ರಿಸುವ ಭಾಗವನ್ನು, ಪ್ರಚೋದಿಸುತ್ತದೆ. ಹಾಗಾಗಿ ಅಂಡ ಬಿಡುಗಡೆಗೆ ಮೊದಲು ಹೆಣ್ಣಿನಂತೆ ನಡೆದುಕೊಂಡ ಹಲ್ಲಿಯೇ ಆಮೇಲೆ ಗಂಡಿನಂತೆ ಇನ್ನೊಂದರ ಮೇಲೇರುತ್ತದೆ, ಮುಂದಿನ ಸರದಿಯಲ್ಲಿ ಪಾತ್ರ ಮತ್ತೆ ಬದಲಾಗುತ್ತದೆ. ಗಂಡುತನದ ಹಾರ್ಮೋನೆಂದೇ ನಾವು ಎಣಿಸುವ ಟೆಸ್ಟೊಸ್ಟಿರಾನ್ ಆಗಲೂ ರಕ್ತದಲ್ಲಿ ಏರಿರುವುದಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಸ್ವಾರಸ್ಯಕರ ಅಂಶ. ಇದರ ಪೂರ್ವಜ ಪ್ರಭೇದವೊಂದರಲ್ಲಿ, ವೃಷಣ ತೆಗೆದ ಕೆಲವು ಗಂಡುಗಳಿಗೆ ಪ್ರೊಜೆಸ್ಟಿರಾನ್ ಕೊಟ್ಟಾಗಲೂ ಮಿಲನದ ವರ್ತನೆ ಮರಳಿದ್ದರಿಂದ, ಈ ಸಾಮರ್ಥ್ಯ ಹೊಸದಾಗಿ ಹುಟ್ಟಿದ್ದಲ್ಲ, ಹಳೆಯದರ ಮರುಬಳಕೆ ಎಂದು ತಿಳಿಯಬಹುದು.

ಇದರಿಂದ ಲಾಭವೂ ಇದೆ. ಒಂಟಿಯಾಗಿಟ್ಟ ಹೆಣ್ಣೂ ಮೊಟ್ಟೆಯಿಡುತ್ತದೆ, ಆದರೆ ಗಂಡಿನಂತೆ ವರ್ತಿಸುವ ಜೊತೆಗಾತಿಯಿದ್ದರೆ ಅದು ಇಡುವ ಮೊಟ್ಟೆಗಳ ಸಂಖ್ಯೆ ಹೆಚ್ಚುತ್ತದೆ.