ಡಿಪೋಗೆ ಅಷ್ಟೊಂದು ಜಾಗ ಯಾಕೆ?

ಬೆಂಗಳೂರಿನ ಓದುಗರೊಬ್ಬರ ಪತ್ರ: ‘ಮೆಟ್ರೊ ಡಿಪೋ ಅಂದರೆ ರೈಲು ನಿಲ್ಲಿಸುವ ಜಾಗ ತಾನೇ? ಅದಕ್ಕೆ ಎಕರೆಗಟ್ಟಲೆ ನೆಲ ಬೇಕೇ? ಬಿಎಂಟಿಸಿ ಬಸ್ಸುಗಳಿಗೂ ಬೇರೆಯೇ ಡಿಪೋಗಳು. ಆ ಜಾಗದಲ್ಲಿ ಆಸ್ಪತ್ರೆಯನ್ನೋ ಪಾರ್ಕನ್ನೋ ಮಾಡಬಹುದಿತ್ತು.’

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಅದೇ ತಲೆಯಲ್ಲಿತ್ತು. ನಿಮ್ಮ ಅರ್ಧ ಮಾತನ್ನು ನಾನು ಒಪ್ಪುತ್ತೇನೆ. ಒಪ್ಪದ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ.

ಡಿಪೋ ಅಂದರೆ ಸುಮ್ನೆ ರೈಲು ನಿಲ್ಲಿಸುವ ಜಾಗ ಅಲ್ಲ. ಬೈಯಪ್ಪನಹಳ್ಳಿ ಡಿಪೋಗೋ ಪೀಣ್ಯ ಡಿಪೋಗೋ ರಾತ್ರಿ ಕೊನೆ ಟ್ರಿಪ್ ಮುಗಿಸಿ ಬಂದ ರೈಲು ನಸುಕಿಗೆ ಮತ್ತೆ ಹೊರಡಬೇಕು. ನಡುವೆ ಸಿಗುವುದು ಕೆಲವೇ ಗಂಟೆ. ಅಷ್ಟರಲ್ಲಿ ಗುಡಿಸಬೇಕು, ತೊಳೆಯಬೇಕು, ಬ್ರೇಕು, ಬಾಗಿಲು ಎಲ್ಲ ನೋಡಬೇಕು. ಹಳಿಗಳ ನಡುವೆ ಗುಂಡಿ ತೋಡಿದ ಪಿಟ್ ಲೈನ್ ಇರುತ್ತದೆ. ಕೆಲಸಗಾರರು ಅದರೊಳಗೆ ನಿಂತು, ತಲೆ ಮೇಲಿನ ಬೋಗಿಯ ತಳವನ್ನು ಟಾರ್ಚ್ ಹಿಡಿದು ನೋಡುತ್ತಾರೆ. ಬ್ರೇಕ್ ಹಾಕಿದಾಗ ಗಾಲಿ ಜಾರಿದರೆ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ರೈಲು ಓಡುವಾಗ ಕಟಕಟ ಸದ್ದು ಕೇಳಿದ್ದೀರಲ್ವಾ? ಅದು ಹಾಗೆ ಬರುವುದೂ ಉಂಟು. ನೆಲದೊಳಗೆ ಕೂರಿಸಿದ ಲೇತ್ ಯಂತ್ರ ಇದ್ದರೆ ಗಾಲಿಯನ್ನು ಬಿಚ್ಚದೆಯೇ ಮತ್ತೆ ದುಂಡಗೆ ಕೆತ್ತಬಹುದು.

ಇನ್ನೊಂದು ವಿಷಯ. ಆರು ಬೋಗಿಯ ರೈಲು ನೂರು ಮೀಟರಿಗೂ ಜಾಸ್ತಿ ಉದ್ದ. ಕಾರಿನ ಹಾಗೆ ಗಿರಕ್ಕನೆ ತಿರುಗುವುದಿಲ್ಲ. ಒಂದು ಹಳಿ ಹತ್ತಾಗಿ ಕವಲೊಡೆಯುವುದಕ್ಕೇ ಎಷ್ಟೋ ಜಾಗ ಹೋಗುತ್ತದೆ. ಇದನ್ನು ಕಡಿಮೆ ಮಾಡಲು ಹೋದರೆ ಬೆಳಿಗ್ಗೆ ರೈಲು ಸಮಯಕ್ಕೆ ಹೊರಡುವುದಿಲ್ಲ.

ಇನ್ನು ನೀವು ಹೇಳಿದ ಸರಿಯಾದ ಮಾತಿಗೆ ಬರುತ್ತೇನೆ. ಎಲ್ಲವನ್ನೂ ನೆಲದ ಮೇಲೇ ಹರಡಬೇಕೆಂದೇನಿಲ್ಲ. ಸಿಂಗಪುರದ ಚಾಂಗಿ ಕಡೆ ‘ಈಸ್ಟ್ ಕೋಸ್ಟ್ ಇಂಟಿಗ್ರೇಟೆಡ್ ಡಿಪೋ’ ಎಂಬ ದೊಡ್ಡ ಕೆಲಸ ಕೈಗೆತ್ತಿಕೊಂಡರು. ಮೂರು ಮೆಟ್ರೊ ಮಾರ್ಗಗಳ ಡಿಪೋಗಳು ಒಂದರ ಮೇಲೊಂದು, ಪಕ್ಕದಲ್ಲೇ ಬಸ್ ಡಿಪೋ. ಸುಮಾರು 220 ರೈಲು, 500ಕ್ಕೂ ಹೆಚ್ಚು ಬಸ್ಸುಗಳಿಗೆ ಜಾಗ. ಬೇರೆಬೇರೆಯಾಗಿ ಕಟ್ಟುವುದಕ್ಕೆ ಹೋಲಿಸಿದರೆ 44 ಹೆಕ್ಟೇರ್, ಅಂದರೆ ನೂರಕ್ಕೂ ಹೆಚ್ಚು ಎಕರೆ ಉಳಿತಾಯ. ಹಾಗಂತ ಅಗ್ಗದ ದಾರಿಯಲ್ಲ. 2016ರಲ್ಲಿ ಕೊಟ್ಟ ಗುತ್ತಿಗೆಯೇ ಸುಮಾರು 200 ಕೋಟಿ ಸಿಂಗಪುರ ಡಾಲರ್. ಮೇಲಿನ ಮಹಡಿಯಲ್ಲಿ ರೈಲು ನಿಂತರೆ ಅದರ ಭಾರ ಹೊರುವ ಕಂಬಗಳು ಕೆಳಗಿನ ಹಳಿಗಳ ನಡುವೆಯೇ ಇಳಿಯಬೇಕು. ಗಾಳಿ, ಬೆಂಕಿ, ಅದುರುವಿಕೆ, ಎಲ್ಲಕ್ಕೂ ಬೇರೆಯೇ ಲೆಕ್ಕ. ಸಿಂಗಪುರಕ್ಕೆ ನೆಲವೇ ಇಲ್ಲ, ಹಾಗಾಗಿ ಅವರಿಗೆ ಅದು ಸರಿ.

ನಾವು ಅಷ್ಟು ಮಹಡಿ ಕಟ್ಟಬೇಕಿಲ್ಲ. ಆದರೆ ಬಸ್ಸನ್ನೂ ರೈಲನ್ನೂ ಒಂದೇ ಕಾಂಪೌಂಡಿನೊಳಗೆ ತರುವ ಯೋಚನೆ ನಮಗೆ ಖಂಡಿತ ಬೇಕು. ಕಾರಣ ವಿದ್ಯುತ್. ಈಗ ಎಲೆಕ್ಟ್ರಿಕ್ ಬಸ್ಸುಗಳು ಬರುತ್ತಿವೆ. ಅವಕ್ಕೆ ರಾತ್ರಿಯಿಡೀ ಚಾರ್ಜ್ ಆಗಬೇಕು, ಡಿಪೋಗೆ ದೊಡ್ಡ ವಿದ್ಯುತ್ ಸಂಪರ್ಕ ಬೇಕು. ಮೆಟ್ರೊಗೆ ಭಾರಿ ವಿದ್ಯುತ್ ಬೇಕಾಗುವುದು ಹಗಲು. ರಾತ್ರಿ ರೈಲು ನಿಂತಾಗ ಆ ಬೇಡಿಕೆ ಇಳಿಯುತ್ತದೆ. ಒಬ್ಬರು ಬಳಸದ ಹೊತ್ತಲ್ಲಿ ಇನ್ನೊಬ್ಬರಿಗೆ ಬೇಕು! ಒಂದೇ ಸಬ್‌ಸ್ಟೇಷನ್ ಇಬ್ಬರಿಗೂ ಕೆಲಸ ಮಾಡಬಹುದು. ಮೆಟ್ರೊ ನಿಲ್ದಾಣಕ್ಕೆ ಜನ ತರುವ ಬಸ್ಸುಗಳು ಹತ್ತಿರದ ಡಿಪೋದಿಂದಲೇ ಹೊರಟರೆ ಖಾಲಿ ಓಡುವ ಡೆಡ್ ಕಿಲೋಮೀಟರ್ ಕೂಡ ಉಳಿಯುತ್ತದೆ.

ಕಟ್ಟಿ ಮುಗಿದ ಡಿಪೋಗಳಲ್ಲಿ ಇದು ಕಷ್ಟ. ನಕ್ಷೆ ಹಂತದಲ್ಲಿ ಇರುವಾಗಲೇ ಕೇಳಬೇಕು. ರೈಲು ಒಂದು ಸಂಸ್ಥೆಯದು, ಬಸ್ಸು ಇನ್ನೊಂದರದು. ಹಾಗಾಗಿ ನಿಮ್ಮ ಮುಂದಿನ ಪತ್ರವನ್ನು ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್‌ಗೂ ಬಸ್ಸು ಓಡಿಸುವ ಬಿಎಂಟಿಸಿಗೂ ಒಂದೇ ದಿನ ಕಳಿಸಿ. ನಮಗೂ ಒಂದು ಪ್ರತಿ ಇರಲಿ, ಅದನ್ನೂ ಅಚ್ಚು ಹಾಕುತ್ತೇವೆ.