ಟಿ.ಸಿ. (ವರ್ಗಾವಣೆ ಪತ್ರ) ಮೊದಲೇ ತೆಗೆದುಕೊಂಡು ಆಮೇಲೆ ಹೊಸ ಕಾಲೇಜು ಹುಡುಕಬಹುದಾ?

ದಯವಿಟ್ಟು ಬೇಡ. ಟಿ.ಸಿ. ಕೈಗೆ ಬಂದರೆ ಹಳೇ ಕಾಲೇಜಿನಲ್ಲಿ ನಿಮ್ಮ ಹೆಸರು ಹೋಯಿತು ಅಂತಲೇ ಲೆಕ್ಕ. ಆಮೇಲೆ ಹೊಸ ಕಾಲೇಜಿನವರು ‘ಸೀಟಿಲ್ಲ’ ಅಂದರೆ ನೀವು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನಾನು ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ಕೆಲಸ ನೋಡಿಕೊಳ್ಳುತ್ತೇನೆ. ಹೀಗೆ ನಡುವೆ ಸಿಕ್ಕಿಕೊಂಡ ಮಕ್ಕಳು ಅಪ್ಪ ಅಮ್ಮನ ಜೊತೆ ಬಂದು ನಮ್ಮ ಕೌಂಟರ್ ಮುಂದೆ ನಿಂತಾಗ ಕರುಳು ಚುರ್ ಅನ್ನುತ್ತದೆ.

ಕೆ.ಆರ್. ಪುರದ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷ ಮುಗಿದಿದೆ, ಮನೆ ಈಗ ಕೆಂಗೇರಿಗೆ ಬಂದಿದೆ, ಒಂದು ಪೇಪರ್ ಬಾಕಿ ಇದೆ ಅಂತ ಬರೆದಿದ್ದೀರಿ. ಎರಡೂ ಬೆಂಗಳೂರೇ ಅಲ್ವಾ, ಸುಲಭವಾಗಿ ಆಗಬೇಕು ಅಂತ ಅನ್ನಿಸುತ್ತದೆ. ಆದರೆ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾಯಿತು. ನಿಮ್ಮ ಅಂಕಪಟ್ಟಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ್ದು ಎಂದಿದ್ದೀರಿ. ನೀವು ನೋಡಿರುವ ಕೆಂಗೇರಿಯ ಕಾಲೇಜು ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಂದರೆ ನೀವು ಕಾಲೇಜಿನ ಜೊತೆಗೆ ವಿಶ್ವವಿದ್ಯಾಲಯವನ್ನೂ ಬದಲಿಸುತ್ತಿದ್ದೀರಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯ ಸಿಲಬಸ್. ಎರಡೂ ಕಡೆ ಬಿ.ಕಾಂ. ಅಂತಲೇ ಇದ್ದರೂ ಯಾವ ಪೇಪರ್ ಯಾವ ಸೆಮಿಸ್ಟರಿಗೆ ಬರುತ್ತದೆ ಅನ್ನುವುದು ಬೇರೆ ಇರಬಹುದು. ಕನ್ನಡ ಪಠ್ಯವೂ ಬೇರೆ. ನೀವು ಓದದ ಪೇಪರ್ ಅಲ್ಲಿನ ಮೊದಲ ವರ್ಷದಲ್ಲಿದ್ದರೆ ಅದನ್ನು ಹೆಚ್ಚುವರಿಯಾಗಿ ಬರೆಯಬೇಕಾಗಬಹುದು. ಹಾಗಾಗಿ ಎರಡೂ ವಿಶ್ವವಿದ್ಯಾಲಯಗಳ ಮೊದಲೆರಡು ಸೆಮಿಸ್ಟರಿನ ಸಿಲಬಸ್ ಪ್ರಿಂಟ್ ತೆಗೆದು, ಪಕ್ಕ ಪಕ್ಕ ಇಟ್ಟು, ನೀವೇ ಪೇಪರ್ ಪೇಪರ್ ಹೋಲಿಸಿ. ಇದೊಂದು ಸಂಜೆಯ ಕೆಲಸ, ಮಾಡಿಯೇ ಹೋಗಿ. ಹೋಲಿಕೆ ಬರೆದುಕೊಂಡು ಬಂದ ವಿದ್ಯಾರ್ಥಿಯ ಜೊತೆ ನಾವೂ ಕೂತು ಮಾತಾಡುತ್ತೇವೆ. ಸುಮ್ನೆ ‘ಸೀಟಿದೆಯಾ ಸರ್’ ಅಂದರೆ ನಮಗೂ ಹೇಳೋಕೆ ಏನೂ ಇರುವುದಿಲ್ಲ. ಹೊಸ ಕಾಲೇಜು ಸ್ವಾಯತ್ತವಾಗಿದ್ದರೆ ಇನ್ನೂ ಹುಷಾರು: ಸಿಲಬಸ್, ಪರೀಕ್ಷೆ ಎರಡೂ ಅವರದೇ.

ಸಿಲಬಸ್ ಹೊಂದುತ್ತದೆ ಅನ್ನಿಸಿದರೆ ಮೊದಲು ಕೆಂಗೇರಿಯ ಕಾಲೇಜಿನ ಪ್ರಿನ್ಸಿಪಾಲರನ್ನು ನೋಡಿ. ಮೂರನೇ ಸೆಮಿಸ್ಟರಿನಲ್ಲಿ ಮಂಜೂರಾದ ಸೀಟುಗಳೊಳಗೆ ಖಾಲಿ ಇದೆಯಾ, ತೆಗೆದುಕೊಳ್ಳುತ್ತಾರಾ ಅಂತ ಕೇಳಿ. ಬಾಯಿಮಾತು ಸಾಲದು, ಪತ್ರ ಬೇಕು. ಆ ಪತ್ರ ಹಿಡಿದು ಹಳೇ ಕಾಲೇಜಿನಲ್ಲಿ ಎನ್.ಒ.ಸಿ., ಅಂದರೆ ‘ನಮ್ಮ ಆಕ್ಷೇಪಣೆ ಇಲ್ಲ’ ಅನ್ನುವ ಪತ್ರ ಕೇಳಿ. ವಿಶ್ವವಿದ್ಯಾಲಯದ ಒಪ್ಪಿಗೆಯೂ ಕೈಗೆ ಬಂದ ಮೇಲೆ ಟಿ.ಸಿ., ಮೈಗ್ರೇಷನ್ ಸರ್ಟಿಫಿಕೇಟ್ (ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ಹಳೇ ವಿಶ್ವವಿದ್ಯಾಲಯ ಕೊಡುವ ಪತ್ರ) ತೆಗೆದುಕೊಳ್ಳಿ. ಮೂರನೇ ಸೆಮಿಸ್ಟರ್ ಶುರುವಾಗುವ ಮೊದಲೇ ಇದೆಲ್ಲ ಮುಗಿಯಬೇಕು. ತರಗತಿ ಶುರುವಾದ ಮೇಲೆ ಹಾಜರಾತಿ ಕಡಿಮೆ ಬೀಳುತ್ತದೆ.

ಬಾಕಿ ಇರುವ ಪೇಪರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಅದನ್ನು ಮುಗಿಸಿಯೇ ಹೊರಡಿ. ಬಾಕಿ ಇಟ್ಟುಕೊಂಡು ಹೋದರೆ ಅದನ್ನು ಯಾವ ವಿಶ್ವವಿದ್ಯಾಲಯದಲ್ಲಿ ಬರೆಯಬೇಕು ಅನ್ನುವುದೇ ದೊಡ್ಡ ತಲೆನೋವು. ಎಷ್ಟೋ ಸಲ ಅರ್ಜಿ ನಿಲ್ಲುವುದೇ ಇಲ್ಲಿ.

ಹಳೇ ಕಾಲೇಜಿನವರು ‘ಮೂರು ವರ್ಷದ ಫೀಸು ಪೂರ್ತಿ ಕಟ್ಟಿ, ಇಲ್ಲದಿದ್ದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ ಕೊಡುವುದಿಲ್ಲ’ ಅನ್ನುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಇದು ತಪ್ಪು. ಮೂಲ ದಾಖಲೆ ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಜಗಳಕ್ಕೆ ಹೋಗಬೇಡಿ. ಆ ಅಧಿಸೂಚನೆಯ ಪ್ರತಿ ಸೇರಿಸಿ ಬರವಣಿಗೆಯಲ್ಲಿ ಕೇಳಿ, ನಿಮ್ಮ ಪ್ರತಿಯ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಗಲೂ ಕೊಡದಿದ್ದರೆ ವಿಶ್ವವಿದ್ಯಾಲಯದ ಕುಲಸಚಿವರಿಗೆ ದೂರು ಕೊಡಿ. ನಿಮ್ಮ ಅಂಕಪಟ್ಟಿ ನಿಮ್ಮದು, ಹೆದರಬೇಡಿ.

ಸ್ಕಾಲರ್‌ಶಿಪ್ ಬರುತ್ತಿದ್ದರೆ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಯಲ್ಲಿ ಹೊಸ ಕಾಲೇಜಿನ ವಿವರವೇ ಹೋಗಬೇಕು, ಮರೆಯಬೇಡಿ.

ಒಂದು ಮಾತು ಕೇಳುತ್ತೇನೆ. ಸಿಲಬಸ್ ಹೊಂದದೆ ಒಂದು ವರ್ಷ ಹಾಳಾಗುವ ಹಾಗಿದ್ದರೆ ಹಳೇ ಕಾಲೇಜಿನಲ್ಲೇ ಉಳಿಯಲು ಆಗುತ್ತದಾ? ಕೆಂಗೇರಿಯಿಂದ ಕೆ.ಆರ್. ಪುರಕ್ಕೆ ನೇರಳೆ ಮಾರ್ಗದ ಮೆಟ್ರೋ ಇದೆ, ಎಲ್ಲೂ ಬದಲಿಸಬೇಕಿಲ್ಲ. ದೂರ ನಿಜ, ದಿನಾ ಸುಸ್ತಾಗುತ್ತದೆ. ಆದರೆ ಎರಡು ವರ್ಷದಲ್ಲಿ ಡಿಗ್ರಿ ಕೈಯಲ್ಲಿರುತ್ತದೆ. ಮನೆಯಲ್ಲಿ ಕೂತು ಮಾತಾಡಿ. ಬಾಕಿ ಇರುವ ಪೇಪರ್ ಯಾವುದು ಅಂತ ಬರೆದರೆ ಅದು ಎರಡೂ ಕಡೆ ಹೊಂದುತ್ತದಾ ಅಂತ ನಾನೂ ನೋಡಿ ಹೇಳುತ್ತೇನೆ.